ಅತ್ತೆ ಕೂತರೆ ಅರ್ಧ ಇಂಚು

ಲೋಕದಲ್ಲಿ ಯಾರ ಲೆಕ್ಕ ತಪ್ಪಿದರೂ ತಪ್ಪಬಹುದು, ನನ್ನ ಅಳತೆ ಮಾತ್ರ ತಪ್ಪುವುದಿಲ್ಲ! ಇಪ್ಪತ್ತೆರಡು ವರ್ಷದಿಂದ ಸರ್ವೆ ಇಲಾಖೆಯಲ್ಲಿ ಜಮೀನು ಅಳೆಯುತ್ತಿರುವವನು ನಾನು. ಅಣ್ಣತಮ್ಮಂದಿರು ಬೇಲಿಯ ಆಚೆ ಈಚೆ ನಿಂತು ಒಬ್ಬರ ಮೇಲೊಬ್ಬರು ತೋಳೇರಿಸುತ್ತಿದ್ದಾಗ, ನಡುವೆ ನುಗ್ಗಿ ಸರಪಳಿ ಎಳೆದು, "ಗಡಿ ಇಲ್ಲಿ!" ಎಂದು ಕಲ್ಲು ನೆಟ್ಟು ಬಂದವನು. ಆ ಕಲ್ಲುಗಳು ಇಂದಿಗೂ ಕದಲಿಲ್ಲ. ಅಣ್ಣತಮ್ಮಂದಿರು ಒಂದಾದರೋ ಇಲ್ಲವೋ ಗೊತ್ತಿಲ್ಲ. ಅದು ಅಳತೆಗೆ ಸಂಬಂಧಪಟ್ಟ ವಿಷಯವಲ್ಲ. ಇಂಥ ನಾನು ನನ್ನದೇ ಟ್ರಕ್ಕಿಗೆ ಮೂವತ್ತೈದು ಇಂಚಿನ ಟೈರು ಹಾಕಿಸುತ್ತೇನೆಂದು ಘೋಷಿಸಿದಾಗ, ಅದನ್ನು ಪ್ರಶ್ನಿಸುವ ಎದೆಗಾರಿಕೆ ಈ ಭೂಮಂಡಲದಲ್ಲಿ ಇಬ್ಬರಿಗೆ ಮಾತ್ರ ಇತ್ತು. ನನ್ನ ಗ್ರಹಚಾರಕ್ಕೆ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು.

ಟ್ರಕ್ಕಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹರಿಯುವ, ಬಂಡೆ ಹತ್ತುವ, ಹೊಳೆ ದಾಟುವ ಜಾತಿ ಅದು. ಜೊತೆಗೆ ಬಂದ ಪುಸ್ತಕದ ಮುಖಪುಟದಲ್ಲಿ ಬೆಟ್ಟದ ತುದಿಯಲ್ಲಿ ನಿಂತು ಸೂರ್ಯನನ್ನು ದಿಟ್ಟಿಸುತ್ತಿರುವ ಚಿತ್ರವಿದೆ. ನಮ್ಮದು ಇನ್ನೂ ಬೆಟ್ಟ ಹತ್ತಿಲ್ಲ. ಮನೆಯಿಂದ ಆಫೀಸಿಗೆ ಒಂಬತ್ತು ಕಿಲೋಮೀಟರು, ಒಂಬತ್ತೂ ಡಾಂಬರು! ಒಮ್ಮೆ ಪೆಟ್ರೋಲ್ ಬಂಕಿನ ಹಿಂದಿದ್ದ ಕೆಸರು ಗುಂಡಿಗೆ ಬೇಕೆಂದೇ ಇಳಿಸಿದ್ದೆ; ಅದರ ಹದಿನೇಳು ಫೋಟೋ ಈಗಲೂ ಫೋನಿನಲ್ಲಿವೆ. ಮೊದಲೆಲ್ಲ ಗುಡ್ಡ ಗವ್ವರ ತಿರುಗುತ್ತಿದ್ದೆ, ನಿಜ. ಎರಡು ವರ್ಷದಿಂದ ನನ್ನನ್ನು ನಕಾಶೆ ವಿಭಾಗದ ಮೇಜಿಗೆ ಕಟ್ಟಿಹಾಕಿದ್ದಾರೆ. ಅಲ್ಲಿ ಅತ್ಯಂತ ದುರ್ಗಮ ಪ್ರದೇಶವೆಂದರೆ ಕಡತದ ಕಪಾಟಿನ ಹಿಂಭಾಗ.

ಹೀಗಿರುವಾಗ ಒಂದು ದಿನ ಸಿಗ್ನಲ್ಲಿನಲ್ಲಿ ನನ್ನ ಪಕ್ಕಕ್ಕೆ ನನ್ನಂಥದೇ ಟ್ರಕ್ಕು ಬಂದು ನಿಂತಿತು. ಅದೇ ಬಣ್ಣ, ಅದೇ ಮಾದರಿ. ಆದರೆ ಅದರ ಟೈರು ಮೂವತ್ತೈದು ಇಂಚಿನದು, ನನ್ನದು ಮೂವತ್ತೊಂದು. ಅದರ ಚಾಲಕ ಕಿಟಕಿಯಿಂದ ನನ್ನನ್ನು ನೋಡಿದ. ನೋಡಿದ್ದಕ್ಕೆ ಬೇಸರವಿಲ್ಲ, ಮೇಲಿನಿಂದ ಕೆಳಕ್ಕೆ ನೋಡಿದ! ಹಸಿರು ದೀಪ ಹತ್ತುವಷ್ಟರಲ್ಲಿ ನನ್ನ ತೀರ್ಮಾನ ಮುಗಿದಿತ್ತು.

ಟೈರಂಗಡಿಯವರು ಮೂವತ್ತು ವರ್ಷ ರಬ್ಬರಿನ ನಡುವೆ ಬಾಳಿದ ಮನುಷ್ಯ, ಮಾತು ಕಡಿಮೆ.

"ದಿನಾ ಎಲ್ಲಿಗೆ ಓಡಿಸ್ತೀರಿ ಸಾರ್?"

"ಆಫೀಸಿಗೆ."

"ರಸ್ತೆ ಹೇಗಿದೆ?"

"ಚೆನ್ನಾಗಿದೆ."

"ಹಾಗಾದ್ರೆ ಮೂವತ್ತೊಂದೇ ಸಾಕು. ಆಸೆ ಇದ್ದರೆ ಮೂವತ್ತಮೂರು ಹಾಕಿಸಿ, ಅದಕ್ಕಿಂತ ಮೇಲೆ ಬೇಡ. ದಿನಾ ಓಡಿಸೋ ಗಾಡಿ. ಮೂವತ್ತೈದು ಹಾಕಿದ್ರೆ ತಿರುಗಿಸುವಾಗ ಮಡ್‌ಗಾರ್ಡಿಗೆ ಉಜ್ಜುತ್ತೆ, ಬ್ರೇಕು ತಡವಾಗಿ ಹಿಡಿಯುತ್ತೆ, ಸದ್ದು ಬೇರೆ."

"ರಸ್ತೆ ಹೇಗಿದೆ ಅಂತ ಕೇಳಿ ಟೈರು ಕೊಡ್ತೀರಲ್ಲ, ಓಡಿಸೋ ಮನುಷ್ಯ ಹೇಗಿದಾನೆ ಅಂತ ನೋಡೋದಿಲ್ವಾ?"

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅದನ್ನ ನೋಡೇ ಮೂವತ್ತೊಂದು ಅಂದಿದ್ದು ಸಾರ್" ಎಂದರು.

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರೆ. ನನ್ನ ಮೊಲಕ್ಕೆ ಮೂವತ್ತೈದು! ಮನೆಗೆ ಬಂದು ಸುದ್ದಿ ಹೇಳಿದೆ.

ನನ್ನ ಹೆಂಡತಿ ದರ್ಜಿ. ಆಸ್ಪತ್ರೆ, ಹೋಟೆಲುಗಳ ಸಿಬ್ಬಂದಿಗೆ ಸಮವಸ್ತ್ರ ಹೊಲಿದುಕೊಡುತ್ತಾಳೆ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿರುತ್ತದೆ. ಒಂದೇ ಮನೆಯಲ್ಲಿ ಎರಡು ಟೇಪು ಇದ್ದರೆ ಏನಾಗುತ್ತದೆಂಬುದು ಅನುಭವಿಸಿದವರಿಗೇ ಗೊತ್ತು.

"ಅದೆಲ್ಲ ಸರಿ. ಶೆಡ್ಡಿನೊಳಗೆ ಹೋಗುತ್ತಾ?" ಎಂದಳು.

ಪ್ರಶ್ನೆಯಲ್ಲಿ ತಿರುಳಿತ್ತು. ನಮ್ಮ ಟ್ರಕ್ಕು ನಿಲ್ಲುವ ಶೆಡ್ಡು ಮನೆಯ ಕೆಳಗೇ ಇದೆ, ಅದರ ಮೇಲೆ ಇವಳ ಹೊಲಿಗೆ ಕೋಣೆ. ಶೆಡ್ಡಿನ ನಡುವೆ ಒಂದು ಕಾಂಕ್ರೀಟ್ ತೊಲೆ ಅಡ್ಡ ಹಾದಿದೆ. ಟ್ರಕ್ಕಿನ ತಲೆಯ ಮೇಲಿರುವ ಕಬ್ಬಿಣದ ಲಗೇಜ್ ಕ್ಯಾರಿಯರು ಸರಿಯಾಗಿ ಆ ತೊಲೆಯ ಕೆಳಗೇ ನಿಲ್ಲುತ್ತದೆ.

"ಅಳೆದರಾಯಿತು!" ಎಂದೆ. ಅಳತೆಗೆ ಹೆದರುವ ವಂಶವೇ ನಮ್ಮದು?

ಅಳೆದದ್ದು ಭಾನುವಾರ. ಆಗಷ್ಟೇ ಬಟ್ಟೆ ಮಾರುಕಟ್ಟೆಯಿಂದ ಬಂದಿದ್ದೆವು. ಟ್ರಕ್ಕಿನ ಹಿಂದೆ ಆಸ್ಪತ್ರೆಯ ಸಮವಸ್ತ್ರಕ್ಕೆಂದು ತಂದ ಹನ್ನೆರಡು ಥಾನುಗಳು, ದಪ್ಪ ಬಟ್ಟೆಯ ಭಾರಿ ಸುರುಳಿಗಳು. ಮುಂದಿನ ಸೀಟಿನಲ್ಲಿ ಅತ್ತೆ.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತೂಕದ ವ್ಯಕ್ತಿತ್ವ, ಈ ಮಾತನ್ನು ಯಾವ ಅರ್ಥದಲ್ಲಿ ತೆಗೆದುಕೊಂಡರೂ ನನ್ನ ಆಕ್ಷೇಪಣೆಯಿಲ್ಲ. ಅವರಿಗೆ ಹಳೆಯ ಬೆನ್ನುನೋವು. ಕುರ್ಚಿಯಲ್ಲಿ ಕೂತರೆ ನೋವು, ಸೋಫಾದಲ್ಲಿ ನೋವು, ಮಂಚದಲ್ಲಿ ನೋವು. ಬ್ರಹ್ಮಾಂಡದಲ್ಲಿ ಅವರಿಗೆ ನೋಯದ ಜಾಗ ಒಂದೇ, ನನ್ನ ಟ್ರಕ್ಕಿನ ಮುಂದಿನ ಸೀಟು! ಎಂಥ ವಿಧಿಯೋ! ನಾನು ಆಫೀಸಿನಿಂದ ಬೇಗ ಬಂದ ದಿನ, ರಜೆಯ ದಿನ, ಅತ್ತೆ ಶೆಡ್ಡಿಗೆ ಬಂದು, ನಿಂತ ಟ್ರಕ್ಕಿನಲ್ಲಿ ಕೂತು, ಬಾಗಿಲು ತೆರೆದಿಟ್ಟುಕೊಂಡು ದಿನಪತ್ರಿಕೆ ಓದುತ್ತಿದ್ದರು. "ಅಳಿಯಂದಿರು ಮಾಡಿದ ಒಳ್ಳೇ ಕೆಲಸ ಇದೊಂದು" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಉಳಿದವುಗಳ ಬಗ್ಗೆ ಅವರು ಏನೆನ್ನುತ್ತಿದ್ದರೆಂದು ನಾನು ಕೇಳಲು ಹೋಗಲಿಲ್ಲ. ಸತ್ಯ ಹೇಳಬೇಕೆಂದರೆ ಆ ಒಂದು ಮಾತು ಕೇಳಿದಾಗ ನನಗೆ ತುಂಬ ಹಿತವಾಗುತ್ತಿತ್ತು.

ಸ್ಟೂಲು ಹತ್ತಿ, ಕ್ಯಾರಿಯರಿಗೂ ತೊಲೆಗೂ ನಡುವೆ ಟೇಪು ಹಿಡಿದೆ.

"ನಾನು ಇಳೀಲಾ ಅಳಿಯಂದಿರೇ?" ಎಂದರು ಅತ್ತೆ, ಪತ್ರಿಕೆಯಿಂದ ಕಣ್ಣೆತ್ತಿ.

"ಬೇಡ ಅತ್ತೆ, ಆರಾಮಾಗಿ ಕೂತಿರಿ."

"ಅಲ್ಲ, ನಾನು ಇಳಿದರೆ..."

"ಅತ್ತೆ! ಅಳತೆ ಮಾಡುವಾಗ ಮಾತಾಡಬಾರದು!"

ಅವರು ಸುಮ್ಮನಾಗಿ, ಕನ್ನಡಕ ಸರಿಮಾಡಿಕೊಂಡು, ಪತ್ರಿಕೆಯ ಮೇಲೆ ಪೆನ್ಸಿಲಿನಿಂದ ಏನೋ ಬರೆಯತೊಡಗಿದರು. ಪದಬಂಧವಿರಬೇಕು ಎಂದುಕೊಂಡೆ.

"ಎರಡೂವರೆ ಇಂಚು!" ಎಂದು ಘೋಷಿಸಿದೆ. "ಟೈರು ನಾಲ್ಕಿಂಚು ದೊಡ್ಡದಾದರೆ ಗಾಡಿ ಏಳೋದು ಅದರ ಅರ್ಧ, ಎರಡು ಇಂಚು. ಇನ್ನೂ ಅರ್ಧ ಇಂಚು ಉಳಿಯುತ್ತೆ. ಇರುವೆ ಮೆರವಣಿಗೆ ಹೋಗಬಹುದು!"

ಹೆಂಡತಿಗೆ ಸಮಾಧಾನವಾಗಲಿಲ್ಲ. "ರೀ, ನಾನು ಪ್ಯಾಂಟಿಗೆ ಅಳತೆ ತಗೊಳ್ಳೋವಾಗ ನಿಲ್ಲಿಸಿ ಒಂದ್ಸಲ ನೋಡ್ತೀನಿ, ಕೂರಿಸಿ ಒಂದ್ಸಲ ನೋಡ್ತೀನಿ. ಎರಡೂ ಒಂದೇ ಥರ ಇರಲ್ಲ. ನೀವೂ ಇನ್ನೊಂದ್ಸಲ..."

"ಇದು ಪ್ಯಾಂಟಲ್ಲ, ಟ್ರಕ್ಕು! ಅದು ಕೂರೋದೂ ಇಲ್ಲ, ನಿಲ್ಲೋದೂ ಇಲ್ಲ!"

"ಅಳತೆ ತಪ್ಪಿದರೆ?"

"ತಪ್ಪಿದರೆ ಇವತ್ತಿನಿಂದ ನಾನು ಸ್ಟೀರಿಂಗ್ ಮುಟ್ಟಿದರೆ ಕೇಳು! ಕೀಲಿ ನಿನ್ನ ಕೈಗೆ, ನಾನು ಹಿಂದಿನ ಸೀಟಿಗೆ! ಅತ್ತೆಯೇ ಸಾಕ್ಷಿ!"

ಅತ್ತೆ ತಲೆಯಾಡಿಸಿದರು. ಮಾತಾಡಲಿಲ್ಲ. ಅಳತೆಯ ಟೇಪು ಇನ್ನೂ ನನ್ನ ಕೈಯಲ್ಲಿತ್ತು.

ಮುಂದಿನ ವಾರ ಮೂವತ್ತೈದು ಇಂಚಿನ ನಾಲ್ಕು ಟೈರುಗಳು ಬಂದವು. ಅಬ್ಬಾ, ಏನು ಗಾಂಭೀರ್ಯ! ಒಂದೊಂದು ಟೈರಿನ ಮೈಮೇಲೂ ಮೊಸಳೆಯ ಬೆನ್ನಿನಂಥ ಉಬ್ಬುಗಳು. ಡಾಂಬರಿನ ಮೇಲೆ ಅವು ಹೊರಡಿಸಿದ ಸದ್ದಿಗೆ ಇಡೀ ಬೀದಿಯೇ ಕಿಟಕಿ ತೆರೆಯಿತು. ಒಳಗೆ ಕೂತವರು ಮಾತಾಡಬೇಕೆಂದರೆ ಕಿರುಚಬೇಕು. ಮೊದಲ ದಿನವೇ ಹೆಂಡತಿ ನನ್ನ ಕಿವಿಯ ಬಳಿ ಬಾಯಿಟ್ಟು ಕಿರುಚಿ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಸಿಗ್ನಲ್ ಬಿದ್ದು ಟ್ರಕ್ಕು ನಿಂತಿತು, ಸದ್ದೂ ನಿಂತಿತು, ಅವಳ ದನಿ ನಿಲ್ಲಲಿಲ್ಲ. "ನಿಮ್ಮ ಪ್ಯಾಂಟಿನ ಹಿಂದೆ ಹೊಲಿಗೆ ಬಿಚ್ಚಿದೆ!" ಎಂಬುದು ನಾಲ್ಕೂ ರಸ್ತೆಗಳಿಗೆ ತಿಳಿಯಿತು. ಪಕ್ಕದಲ್ಲಿ ನಿಂತಿದ್ದ ಬಸ್ಸಿನವರು ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಲಿಲ್ಲ ಎಂಬುದೊಂದೇ ಸಮಾಧಾನ. ಈಗ ನಾನೂ ಅವರಷ್ಟೇ ಎತ್ತರದಲ್ಲಿದ್ದೆ!

ಅತ್ತೆಯನ್ನು ಹತ್ತಿಸುವುದು ಮಾತ್ರ ಪರ್ವತಾರೋಹಣವಾಯಿತು. ಮೊದಲು ಬಣ್ಣದ ಡಬ್ಬ, ಅದರ ಮೇಲಿನಿಂದ ಸ್ಟೂಲು, ಸ್ಟೂಲಿನಿಂದ ಮೆಟ್ಟಿಲು. ನಾನು ಮೇಲಿನಿಂದ ಎಳೆಯಬೇಕು, ಹೆಂಡತಿ ಕೆಳಗಿನಿಂದ ನೂಕಬೇಕು. "ಇಷ್ಟು ಎತ್ತರ ಬೇಕಿತ್ತಾ ಅಳಿಯಂದಿರೇ?" ಎಂದು ಅತ್ತೆ ಸ್ಟೂಲಿನ ಮೇಲೆ ನಿಂತು ಕೇಳಿದರು. "ಮೇಲೆ ಕೂತರೆ ಲೋಕ ಕಾಣಿಸುತ್ತೆ ಅತ್ತೆ!" ಎಂದೆ. "ಲೋಕ ನೋಡಿ ಆಗಿದೆ. ಬೆನ್ನು ನೋಡ್ಕೋಬೇಕು" ಎಂದರು.

ಆದರೆ ನನ್ನ ವಿಜಯದ ಗಳಿಗೆ ಬಂದೇ ಬಂತು. ಹೆಂಡತಿ, ಅತ್ತೆ, ಹಿಂದೆ ವಾರದಿಂದ ಇಳಿಸದೆ ಬಿಟ್ಟಿದ್ದ ಅದೇ ಹನ್ನೆರಡು ಥಾನು. ಎಲ್ಲವೂ ಆ ಭಾನುವಾರ ಇದ್ದ ಹಾಗೇ. ಕ್ಯಾರಿಯರು ತೊಲೆಯ ಕೆಳಗೆ ಮೆಲ್ಲಗೆ ನುಸುಳಿತು. ತಾಗಲಿಲ್ಲ! ಇಳಿದು ಟೇಪು ಹಿಡಿದೆ. ಅರ್ಧ ಇಂಚು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ!

"ನೋಡಿ! ಎಲ್ಲರೂ ಕಣ್ಣು ಬಿಟ್ಟು ನೋಡಿ! ಇದು ಅಳತೆ ಅಂದ್ರೆ!" ಎಂದು ಎದೆ ತಟ್ಟಿಕೊಂಡೆ.

ಹೆಂಡತಿ ಇಳಿದಳು. ಥಾನುಗಳು ಒಂದೊಂದಾಗಿ ಇಳಿದವು. ಅತ್ತೆಯೂ ಸ್ಟೂಲು, ಡಬ್ಬಗಳ ಮಾರ್ಗವಾಗಿ ಭೂಮಿಗೆ ಬಂದರು. ಅವರ ಎರಡನೆಯ ಕಾಲು ನೆಲಕ್ಕೆ ತಾಗಿದ ಕ್ಷಣದಲ್ಲಿ ಟ್ರಕ್ಕು ನಿಟ್ಟುಸಿರು ಬಿಟ್ಟಿತು. ಭಾರ ಇಳಿದ ಸ್ಪ್ರಿಂಗುಗಳು ಮೇಲೆದ್ದವು. "ಕರ್ರ್ರ್" ಎಂದು ಕ್ಯಾರಿಯರು ತೊಲೆಗೆ ಒತ್ತಿಕೊಂಡಿತು. ಮೇಲೆ ಹೊಲಿಗೆ ಕೋಣೆಯಲ್ಲಿ ಗುಂಡಿಯ ಡಬ್ಬ ಬಿದ್ದು, ಸಾವಿರ ಗುಂಡಿ ನೆಲದ ಮೇಲೆ ಉರುಳಿದ ಸದ್ದು ಕೇಳಿತು.

ನಾನು ತಲೆಯೆತ್ತಿ ತೊಲೆ ನೋಡಿದೆ.

"ಕೀಲಿ?" ಎಂದು ಹೆಂಡತಿ ಕೈ ಚಾಚಿದಳು.

"ಯಾಕೆ? ಅಳತೆ ಎಲ್ಲಿ ತಪ್ಪಿದೆ? ಅರ್ಧ ಇಂಚು ಅಂದಿದ್ದೆ, ಅರ್ಧ ಇಂಚು ಬಂತು. ನೀವು ಇಳಿದಿದ್ದು ನಿಮ್ಮ ತಪ್ಪು!"

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಮಣ್ಣಾಗುವುದೆಲ್ಲಿಂದ, ನನ್ನ ಹೊಸ ಟೈರು ಇನ್ನೂ ಮಣ್ಣಿಗೇ ಇಳಿದಿರಲಿಲ್ಲವಲ್ಲ.

ಮರುದಿನ ಬೆಳಿಗ್ಗೆ ಹೊರಗೆ ತೆಗೆಯಲು ಹೋದೆ. ಗಾಡಿ ಒಂದು ಗೇಣು ಕದಲುವಷ್ಟರಲ್ಲಿ ತೊಲೆಯಿಂದ ಗಾರೆಯ ಚಕ್ಕೆ ಉದುರಿ ಮುಂಗಾಜಿನ ಮೇಲೆ ಬಿತ್ತು. ದಾರಿ ಒಂದೇ: ಟ್ರಕ್ಕನ್ನು ಮತ್ತೆ ತಗ್ಗಿಸಬೇಕು, ಅಂದರೆ ಹೇರಬೇಕು. ಅಂದಿನಿಂದ ನಮ್ಮ ಮನೆಯಲ್ಲಿ ಎಂಟೂಕಾಲರ ಉತ್ಸವ ಶುರುವಾಯಿತು. ಥಾನು ಹೇರು, ಹೆಂಡತಿಯನ್ನು ಹತ್ತಿಸು, ಅತ್ತೆಯನ್ನು ಎಳೆ, ಮೂವತ್ತು ಅಡಿ ಹಿಂದಕ್ಕೆ ಓಡಿಸು, ಗೇಟಿನಾಚೆ ಎಲ್ಲರನ್ನೂ ಇಳಿಸು, ಆಫೀಸಿಗೆ ಹೋಗು. ಸಂಜೆ ಗೇಟಿನಲ್ಲಿ ಹಾರ್ನ್ ಹೊಡೆದರೆ ಇದೇ ಕ್ರಮ ತಿರುಗಾಮುರುಗಾ.

"ಬೀದೀಲಿ ನಿಲ್ಲಿಸಿ" ಎಂದಳು ಹೆಂಡತಿ. ಬೀದಿಯಲ್ಲಿ ನಿಲ್ಲಿಸಿದರೆ ಶೆಡ್ಡಿಗೆ ಹೋಗುವುದಿಲ್ಲ ಎಂದು ಒಪ್ಪಿಕೊಂಡಂತೆ! "ಕ್ಯಾರಿಯರು ಬಿಚ್ಚಿಸಿ" ಎಂದಳು. ಕಿರೀಟ ಬಿಚ್ಚಿ ರಾಜ್ಯಭಾರ ಮಾಡುವುದುಂಟೇ? "ಟೈರಿನ ಗಾಳಿ ಸ್ವಲ್ಪ ಬಿಡಿ" ಎಂದಳು. ಅದಂತೂ ಬಿಳಿ ಬಾವುಟ ಹಾರಿಸಿದ ಹಾಗೆ. "ನಿಮಗೇನು ಗೊತ್ತು, ಇದರಷ್ಟು ಭದ್ರವಾದ ಗಾಡಿ ಊರಲ್ಲೇ ಇಲ್ಲ!" ಎಂದು ವಾದಿಸಿದೆ. "ಇದನ್ನ ಕದಿಯಬೇಕು ಅಂದ್ರೆ ಕಳ್ಳ ತನ್ನ ಅತ್ತೇನೂ ಕರ್ಕೊಂಡು ಬರಬೇಕು!"

"ಯಾವ ಕಳ್ಳನೂ ಅಷ್ಟು ದಡ್ಡ ಇರಲ್ಲ" ಎಂದಳು.

ಸಂಕಟ ಬೇರೆ ಕಡೆಯಿಂದ ಬಂತು. ಬಟ್ಟೆಯ ಥಾನುಗಳು ಹಾಗೇ ಇರುತ್ತವೆಯೇ? ಇವಳು ಕತ್ತರಿಸಿ, ಹೊಲಿದು, ಆಸ್ಪತ್ರೆಗೆ ಕಳಿಸತೊಡಗಿದಳು. ದಿನದಿನಕ್ಕೂ ಮನೆಯ ತೂಕ ಇಳಿಯುತ್ತಿತ್ತು! "ಸ್ವಲ್ಪ ನಿಧಾನಕ್ಕೆ ಹೊಲಿ" ಎಂದು ಬೇಡಿಕೊಂಡೆ. ಅವಳು ಕತ್ತರಿ ತೋರಿಸಿದಳು. ಥಾನು ಆರಕ್ಕಿಳಿದಾಗ ಪಕ್ಕದ ಮನೆಯ ಔಷಧಿ ಅಂಗಡಿಯವರ ಕಾಲು ಹಿಡಿದೆ. ಮನುಷ್ಯ ದಷ್ಟಪುಷ್ಟ. "ದಿನಾ ಅಂಗಡಿವರೆಗೂ ಬಿಡ್ತೀನಿ, ಬರೀ ಕೂತ್ಕೊಳ್ಳಿ ಸಾಕು" ಎಂದೆ. "ನನ್ನಿಂದ ಬೇರೇನೂ ಮಾಡಬೇಕಾಗಿಲ್ವಾ?" ಎಂದು ಅನುಮಾನದಿಂದ ಕೇಳಿದರು. "ಊಟ ಮಾತ್ರ ಕಡಿಮೆ ಮಾಡಬೇಡಿ" ಎಂದೆ.

ಇಷ್ಟರ ನಡುವೆ ಮೂಳೆ ಡಾಕ್ಟರು ಅತ್ತೆಯನ್ನು ನೋಡಿ ಒಂದು ಬಾಂಬು ಹಾಕಿದರು: "ಬೆನ್ನು ಸುಧಾರಿಸಬೇಕಾದ್ರೆ ಎಂಟು ಕಿಲೋ ಇಳಿಸಬೇಕು."

ಎಂಟು ಕಿಲೋ! ಅತ್ತೆಯ ಮೇಲೆ ನನಗೆ ಗೌರವವಿಲ್ಲವೆಂದಲ್ಲ. ಆದರೆ ಆ ಎಂಟು ಕಿಲೋದ ಮೇಲೆ ನನ್ನ ಇಪ್ಪತ್ತೆರಡು ವರ್ಷದ ಮಾನ ನಿಂತಿತ್ತು! ಅಂದಿನಿಂದ ಸಂಜೆ ಬರುವಾಗ ಬೇಕರಿಯಿಂದ ಬೆಣ್ಣೆ ಕೇಕು ತರತೊಡಗಿದೆ. ಹೆಂಡತಿ ಮೇಲೆ ಹೊಲಿಗೆಯಲ್ಲಿರುವಾಗ, ಪೊಟ್ಟಣವನ್ನು ಪತ್ರಿಕೆಯಲ್ಲಿ ಸುತ್ತಿ ಅತ್ತೆಯ ಕೈಗಿಡುತ್ತಿದ್ದೆ.

"ಡಾಕ್ಟರು ಬೇಡ ಅಂದಿದ್ದಾರಲ್ಲ ಅಳಿಯಂದಿರೇ?"

"ಡಾಕ್ಟರು ಹೇಳ್ತಾರೆ ಅತ್ತೆ. ಮನಸ್ಸಿಗೂ ಸ್ವಲ್ಪ ಖುಷಿ ಬೇಡ್ವಾ?"

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಕೇಕು ತಿನ್ನುತ್ತಿದ್ದರು. ಅಳಿಯನಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಬಂದಿದೆ ಎಂದುಕೊಂಡರೋ ಏನೋ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಏಕೆಂದರೆ ನಾನು ನೋಡದ ಒಂದು ಸಂಗತಿ ಆ ಮನೆಯಲ್ಲಿ ನಡೆಯುತ್ತಿತ್ತು. ಟ್ರಕ್ಕಿನಲ್ಲಿ ಕೂತು ಪತ್ರಿಕೆ ಓದುವ ಸುಖ ಅತ್ತೆಗೆ ತಪ್ಪಿಹೋಗಿತ್ತು. ಹತ್ತಿಸಲು ಇಬ್ಬರು ಬೇಕು, ಇಳಿಸಲು ಇಬ್ಬರು ಬೇಕು; ಯಾರನ್ನು ಕರೆಯುವುದು? ನೋಯದ ಒಂದೇ ಜಾಗವನ್ನು ನಾನು ಎರಡು ಇಂಚು ಮೇಲಕ್ಕೆತ್ತಿಟ್ಟಿದ್ದೆ. ಅದರ ಮೇಲೆ ದಿನಕ್ಕೆರಡು ಸಲ ಬಣ್ಣದ ಡಬ್ಬ ಹತ್ತಿಸುತ್ತಿದ್ದೆ.

ಒಂದು ಬುಧವಾರ ಬೆಳಿಗ್ಗೆ ಅತ್ತೆ ಮಂಚದಿಂದ ಏಳಲಾಗಲಿಲ್ಲ. ಬೆನ್ನು ಹಿಡಿದುಬಿಟ್ಟಿತ್ತು.

ಹೆಂಡತಿ ಡಾಕ್ಟರಿಗೆ ಫೋನು ಮಾಡಿದಳು. "ಹನ್ನೊಂದರೊಳಗೆ ಬಂದರೆ ನೋಡ್ತಾರಂತೆ, ಆಮೇಲೆ ಆಪರೇಷನ್ನಿಗೆ ಹೋಗ್ತಾರಂತೆ. ಬಾಡಿಗೆ ಕಾರು ಕರೀತೀನಿ."

"ಬಾಡಿಗೆ ಕಾರಾ! ಮನೇಲಿ ಟ್ರಕ್ಕು ಇಟ್ಕೊಂಡು?"

"ಕಾರಿನ ಸೀಟಲ್ಲಿ ನಾನು ಕೂರಲಾರೆ ಕಣೇ" ಎಂದು ಒಳಗಿನಿಂದ ಅತ್ತೆಯ ದನಿ ಬಂತು. "ನನ್ನ ಸೀಟಲ್ಲಾದರೆ ಕೂರ್ತೀನಿ."

ಸರಿ, ಟ್ರಕ್ಕು ಹೊರಗೆ ಬರಬೇಕು. ಬರಬೇಕಾದರೆ ಭಾರ ಬೇಕು. ಭಾರವಾಗಬೇಕಾದ ಅತ್ತೆ ಮಂಚದ ಮೇಲೆ. ಔಷಧಿ ಅಂಗಡಿಯವರು ಅಂದು ಬೇಗ ಹೋಗಿಬಿಟ್ಟಿದ್ದರು. ಥಾನುಗಳಲ್ಲಿ ಉಳಿದದ್ದು ಒಂದೂವರೆ. ಆದರೆ ನಾನು ಸೋಲುವವನೇ? ಅಕ್ಕಿ ಮೂಟೆ ಹೇರಿದೆ. ನೀರಿನ ಕ್ಯಾನು ಹೇರಿದೆ. ಅಟ್ಟದಿಂದ ಹಳೆಯ ಸರ್ವೆ ಪುಸ್ತಕಗಳ ಗಂಟು ಇಳಿಸಿ ಹೇರಿದೆ. ಹಿತ್ತಿಲಲ್ಲಿ ಬಿದ್ದಿದ್ದ ಆರು ಗಡಿಕಲ್ಲುಗಳನ್ನು ಎದೆಗವಚಿಕೊಂಡು ಒಂದೊಂದಾಗಿ ತಂದು ಹೇರಿದೆ. ಒಂದೊಂದು ಕಲ್ಲಿಗೂ ಓಡಿಹೋಗಿ ತೊಲೆ ನೋಡುತ್ತಿದ್ದೆ. ಕ್ಯಾರಿಯರು ಇನ್ನೂ ತೊಲೆಯನ್ನು ಬಿಟ್ಟಿರಲಿಲ್ಲ. ಗಂಟೆ ಹತ್ತು ಇಪ್ಪತ್ತು.

ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಅವಳು ಜಗಳವಾಡಲಿಲ್ಲ.

"ರೀ, ಗಾಳಿ ಬಿಡಿ."

"ಬಿಡಲ್ಲ! ಇನ್ನೆರಡು ಕಲ್ಲು ಸಾಕು!"

"ಇನ್ನೆರಡು ಕಲ್ಲು ಎಲ್ಲಿದೆ?"

"ಬೇಲಿಯದ್ದು ಕೀಳ್ತೀನಿ!"

ಇಪ್ಪತ್ತೆರಡು ವರ್ಷ ಕಲ್ಲು ನೆಟ್ಟವನು ಕಲ್ಲು ಕೀಳಲು ಹೊರಟಿದ್ದೆ, ನೋಡಿ! ಹಾರೆ ಹುಡುಕಲು ಒಳಗೆ ಹೋದಾಗ ಅತ್ತೆಯ ಕೋಣೆಯ ಮುಂದೆ ಹಾದೆ. ಒಳಗಿನಿಂದ ಸಣ್ಣಗೆ "ಅಮ್ಮಾ" ಎಂಬ ನರಳಾಟ ಕೇಳಿತು. ಹೈಸ್ಕೂಲನ್ನೇ ಒಂದು ಕೆಮ್ಮಿನಿಂದ ನಡುಗಿಸಿದ ಹೆಂಗಸು ಅವರು. ಅವರು ನರಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಯಾರಿಗೂ ಕೇಳಿಸಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡು ನರಳುತ್ತಿದ್ದರು. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಹಾರೆಯನ್ನು ಅಲ್ಲೇ ಬಿಟ್ಟು ಶೆಡ್ಡಿಗೆ ಬಂದೆ. ಮೊದಲನೆಯ ಟೈರಿನ ಮುಂದೆ ಮೊಣಕಾಲೂರಿ, ಗಾಳಿ ತುಂಬುವ ಮೂತಿಯ ಮುಚ್ಚಳ ಬಿಚ್ಚಿ, ಒಳಗಿನ ಕಡ್ಡಿಯನ್ನು ಒತ್ತಿದೆ. "ಬುಸ್ಸ್ಸ್" ಎಂದಿತು. ಹೋಗುತ್ತಿದ್ದದ್ದು ಟೈರಿನ ಗಾಳಿಯೋ ನನ್ನದೋ ಹೇಳುವುದು ಕಷ್ಟ. ನಾಲ್ಕನೆಯ ಟೈರಿಗೆ ಬರುವಷ್ಟರಲ್ಲಿ ಟ್ರಕ್ಕು ತೊಲೆಯನ್ನು ಬಿಟ್ಟು ಕೆಳಗಿಳಿದಿತ್ತು. ಎದ್ದು, ಜೇಬಿನಿಂದ ಕೀಲಿ ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಕೇಳಿರಲಿಲ್ಲ.

"ಅಳತೆ ಮಾತ್ರ ಸರಿಯಿತ್ತು" ಎಂದೆ.

"ಹತ್ತಿ, ಹಿಂದೆ" ಎಂದಳು.

ಅಕ್ಕಿ ಮೂಟೆಗೂ ಗಡಿಕಲ್ಲಿಗೂ ನಡುವೆ ನಾನು ಕೂತೆ. ಭಾರ ಮತ್ತು ಗಾಳಿಯ ಕೃಪೆಯಿಂದ ಟ್ರಕ್ಕು ತಗ್ಗಿದ್ದರಿಂದ ಅತ್ತೆಯನ್ನು ಬಣ್ಣದ ಡಬ್ಬವಿಲ್ಲದೆಯೇ ಹತ್ತಿಸಿದೆವು. ಸೀಟಿಗೆ ಒರಗಿ, ಕಣ್ಣುಮುಚ್ಚಿ, "ಉಸ್ಸಪ್ಪಾ... ಎಷ್ಟು ದಿನ ಆಯ್ತು" ಎಂದರು. ಬಂಕಿನಲ್ಲಿ ಟೈರಿಗೆ ಗಾಳಿ ತುಂಬಿಸಿಕೊಂಡು, ಹತ್ತು ಐವತ್ತಕ್ಕೆ ಡಾಕ್ಟರ ಬಾಗಿಲಲ್ಲಿದ್ದೆವು. ಇವಳು ಓಡಿಸಿದ ರೀತಿಯಲ್ಲಿ ಕುಂದು ಹುಡುಕಲು ದಾರಿಯುದ್ದಕ್ಕೂ ಪ್ರಯತ್ನಿಸಿದೆ. ಸಿಗಲಿಲ್ಲ.

ಡಾಕ್ಟರು ಸೂಜಿಮದ್ದು ಕೊಟ್ಟು, ತೂಕದ ಯಂತ್ರದ ಮೇಲೆ ನಿಲ್ಲಿಸಿ ಹುಬ್ಬೇರಿಸಿದರು. "ಇಳೀಬೇಕಾದ್ದು ಎರಡು ಕಿಲೋ ಏರಿದೆಯಲ್ಲ! ಎತ್ತರದ ಜಾಗ ಹತ್ತೋದು ನಿಲ್ಲಬೇಕು. ಏನು ತಿಂತಿದ್ದೀರಿ? ಯಾರು ಕೊಡ್ತಿದ್ದಾರೆ?"

ಅತ್ತೆ ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರವನ್ನು ನೋಡಿದೆ.

"ಯಾರೂ ಕೊಡ್ತಿಲ್ಲ. ನನಗೇ ಬಾಯಿಚಪಲ" ಎಂದರು.

ಅದಕ್ಕಿಂತ ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು! ಹೊರಗೆ ಬಂದವನೇ, ಯಾರೂ ಕೇಳದಿದ್ದರೂ, ಕೇಕಿನ ಕಥೆಯನ್ನು ಹೆಂಡತಿಗೆ ನಾನೇ ಹೇಳಿಬಿಟ್ಟೆ. ಅವಳು ಟ್ರಕ್ಕನ್ನು ನೇರವಾಗಿ ಟೈರಂಗಡಿಗೆ ತಿರುಗಿಸಿದಳು.

ಅಂಗಡಿಯವರು ಚಾಲಕನ ಸೀಟಿನಲ್ಲಿದ್ದ ಅವಳನ್ನು ನೋಡಿದರು, ಹಿಂದೆ ಕಲ್ಲುಗಳ ನಡುವೆ ಇದ್ದ ನನ್ನನ್ನು ನೋಡಿದರು. "ಮೂವತ್ತಮೂರು ತೆಗೆದಿಟ್ಟಿದ್ದೆ ಅಮ್ಮ. ಬರ್ತೀರಿ ಅಂತ ಗೊತ್ತಿತ್ತು."

ನನಗೆ ತಡೆಯಲಾಗಲಿಲ್ಲ. "ಒಂದು ಮಾತು ಸ್ಪಷ್ಟವಾಗಿರಲಿ! ನನ್ನ ಅಳತೆ ತಪ್ಪಿರಲಿಲ್ಲ. ಭಾರ ಇಳಿದರೆ ಗಾಡಿ ಏಳುತ್ತೆ ಅನ್ನೋದು ಯಾರಿಗೆ ಗೊತ್ತಿತ್ತು? ದೇವರಿಗೂ ಗೊತ್ತಿರಲಿಲ್ಲ!"

ಅತ್ತೆ ತಮ್ಮ ಸೀಟಿನ ಮುಂದಿನ ಡ್ರಾಯರು ತೆರೆದು, ಮಡಚಿದ ಹಳೆಯ ಪತ್ರಿಕೆಯೊಂದನ್ನು ತೆಗೆದು, ಹಿಂದಕ್ಕೆ ಚಾಚಿದರು. ಅದೇ ಭಾನುವಾರದ್ದು. ಅಂಚಿನಲ್ಲಿ ಪೆನ್ಸಿಲಿನ ಅಚ್ಚುಕಟ್ಟಾದ ಅಕ್ಷರ: "ಇದು ಭಾರ ಇರುವಾಗಿನ ಅಳತೆ. ನಾನೂ ಬಟ್ಟೆಯೂ ಇಳಿದರೆ ಗಾಡಿ ಒಂದಿಂಚು ಏಳುತ್ತದೆ. ಮೂವತ್ತೈದು ಹಾಕಿದರೆ ಅರ್ಧ ಇಂಚು ಸಿಕ್ಕಿಕೊಳ್ಳುತ್ತದೆ. ಮೂವತ್ತಮೂರು ಹಾಕಿದರೆ ಅರ್ಧ ಇಂಚು ಉಳಿಯುತ್ತದೆ. ಉತ್ತರ: ಮೂವತ್ತಮೂರು." ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು!

"ಒಂದಿಂಚು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಶೆಡ್ಡಿನ ಗೋಡೇಲಿ ಒಂದು ಮೊಳೆ ಇದೆ. ನಾನು ಕೂತಾಗ ಬಾಗಿಲಿನ ಅಂಚು ಅದಕ್ಕಿಂತ ಎಷ್ಟು ಕೆಳಗಿಳಿಯುತ್ತೆ, ಬಟ್ಟೆ ಹೇರಿದಾಗ ಎಷ್ಟು ಇಳಿಯುತ್ತೆ ಅಂತ ಪ್ರತಿ ಸಲ ನೋಡ್ತಿದ್ದೆನಲ್ಲ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಅತ್ತೆ!"

"ಹೇಳೋಕೆ ಬಂದೆ. ಅಳತೆ ಮಾಡುವಾಗ ಮಾತಾಡಬಾರದು ಅಂದ್ರಿ."

"ಆಮೇಲಾದರೂ ಹೇಳಬಹುದಿತ್ತು!"

"ಆಮೇಲೆ ನೀವು ಅಳತೆ ಮಾಡೋದನ್ನ ನಿಲ್ಲಿಸಿದ್ದೇ ಯಾವಾಗ?"

ಮೂವತ್ತಮೂರು ಇಂಚಿನ ಟೈರುಗಳ ಮೇಲೆ ಮನೆಗೆ ಬಂದೆವು. ಸದ್ದೂ ತಗ್ಗಿತ್ತು, ನಾನೂ ತಗ್ಗಿದ್ದೆ. ಟ್ರಕ್ಕು ಶೆಡ್ಡಿನೊಳಗೆ ನಿಂತಿತು. ಹೆಂಡತಿ ಇಳಿದು, ಕೊರಳ ಟೇಪು ತೆಗೆದು, ಸ್ಟೂಲು ಹತ್ತಿದಳು. ಅಕ್ಕಿ ಮೂಟೆಯ ಪಕ್ಕದಲ್ಲಿ ಕೂತಿದ್ದ ನಾನು ಕತ್ತು ಹೊರಗೆ ಹಾಕಿ, "ಟೇಪು ನೆಟ್ಟಗೆ ಹಿಡಿ! ಸೊನ್ನೆ ತೊಲೆಗೆ ತಾಗಬೇಕು! ಸಡಿಲ ಬಿಡಬೇಡ!" ಎಂದು ಸೂಚನೆ ಕೊಡತೊಡಗಿದೆ. ಎಷ್ಟೆಂದರೂ ಇಪ್ಪತ್ತೆರಡು ವರ್ಷದ ಅನುಭವ!

ಅತ್ತೆ ತಮ್ಮ ಸೀಟಿನಲ್ಲಿ ಅಂದಿನ ಪತ್ರಿಕೆ ಬಿಡಿಸುತ್ತಾ, ತಲೆಯೆತ್ತದೆಯೇ ಮಗಳಿಗೆ ಹೇಳಿದರು:

"ತಡಿಯೇ. ಕಲ್ಲು, ಮೂಟೆ, ಅಳಿಯಂದಿರು, ಎಲ್ಲಾ ಇಳಿಸಿ ಆಮೇಲೆ ಅಳತೆ ಮಾಡು."

ನಾನು ಇಳಿದೆ. ಟ್ರಕ್ಕು ಒಂದು ಕೂದಲೆಳೆಯಷ್ಟೂ ಏಳಲಿಲ್ಲ!